ವಾಟರ್ ಹೀಟರ್, ಬ್ಯಾಟರಿ ಸೋಲಾರ್, ಗ್ರಿಡ್ ಸೋಲಾರ್: ಮೂರನ್ನೂ ಬಳಸಿ ನೋಡಿದ ಮೇಲೆ

ಸೋಲಾರ್ ಹಾಕಿಸಬೇಕು ಅಂತಿರುವವರು ನನ್ನನ್ನು ಮೊದಲು ಕೇಳುವುದು "ಎಷ್ಟು ಕಿಲೋವ್ಯಾಟ್ ಹಾಕಿಸ್ಲಿ?" ಅಂತ. ಅದಕ್ಕೂ ಮುಂಚೆ ತೀರ್ಮಾನ ಆಗಬೇಕಾದ್ದು ಯಾವ ಸೋಲಾರ್ ಅನ್ನುವುದು. ಬಿಸಿನೀರಿನದಾ, ಬ್ಯಾಟರಿಯದಾ, ಇಲ್ಲಾ ಕಂಬದ ಲೈನಿಗೆ, ಅಂದರೆ ಗ್ರಿಡ್‌ಗೆ ಸೇರಿಸುವುದಾ? ನಮ್ಮಲ್ಲಿ ಮೂರೂ ಇವೆ. ಶಿವಮೊಗ್ಗದ ಮನೆಯ ತಾರಸಿ ಮೇಲೆ ವಾಟರ್ ಹೀಟರ್ ಇದೆ, ಪಕ್ಕದಲ್ಲೇ ಗ್ರಿಡ್‌ಗೆ ಸೇರಿದ 3 ಕಿಲೋವ್ಯಾಟ್ ಪ್ಯಾನೆಲ್ ಇದೆ. ಸಾಗರದ ಹತ್ತಿರ ಹಳ್ಳಿಯಲ್ಲಿ ಅಪ್ಪ ಅಮ್ಮ ಇರುವ ಮನೆಗೆ 1 ಕಿಲೋವ್ಯಾಟ್ ಪ್ಯಾನೆಲ್, ಎರಡು ಬ್ಯಾಟರಿ.

ದುಡ್ಡು ಎಷ್ಟು ವರ್ಷಕ್ಕೆ ವಾಪಸ್ ಬರುತ್ತೆ ಅನ್ನುವುದು ಎಲ್ಲರೂ ಹಾಕುವ ಲೆಕ್ಕ. ನನಗೆ ಅದರಷ್ಟೇ ಮುಖ್ಯವಾದ ಇನ್ನೊಂದು ಲೆಕ್ಕ ಇದೆ. ನಾನು ಹಾಕಿದ ದುಡ್ಡಿಗೆ ಎಷ್ಟು ಕಲ್ಲಿದ್ದಲು ಉರಿಯದೆ ಉಳಿಯಿತು? ನಮ್ಮ ದೇಶದ ಕರೆಂಟಿನಲ್ಲಿ ಮುಕ್ಕಾಲು ಪಾಲು ಹತ್ತಿರ ಈಗಲೂ ಕಲ್ಲಿದ್ದಲಿನಿಂದಲೇ ಬರುತ್ತದೆ. ಗ್ರಿಡ್‌ನಿಂದ ಒಂದು ಯೂನಿಟ್ ಬಳಸಿದರೆ ಸರಾಸರಿ 0.7 ಕೆಜಿ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. "ನಮ್ಮದು ಶರಾವತಿ ಕರೆಂಟು, ನಮಗೇನು?" ಅಂತ ಮಲೆನಾಡಿನವರು ಹೇಳುವುದುಂಟು. ಆದರೆ 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ ಲೈನ್ ಮೂಲಕ ದಕ್ಷಿಣದ ಗ್ರಿಡ್ ಇಡೀ ದೇಶದ ಗ್ರಿಡ್‌ಗೆ ಸೇರಿತು. ಆವತ್ತಿನಿಂದ ಇಲ್ಲಿ ಉಳಿಸಿದ ಯೂನಿಟ್ ಎಲ್ಲೋ ಒಂದು ಕಡೆ ಬಾಯ್ಲರ್‌ಗೆ ಹೋಗುವ ಕಲ್ಲಿದ್ದಲನ್ನೂ ಉಳಿಸಬಲ್ಲದು. ಅದೂ ಅಲ್ಲದೆ, ಮಳೆ ಕೈಕೊಟ್ಟರೆ ಶರಾವತಿ ಕರೆಂಟೂ ಇಲ್ಲ. 2023ರಲ್ಲಿ ಬರ ಬಂದು, ಅಕ್ಟೋಬರ್‌ನಲ್ಲೇ ಲೋಡ್ ಶೆಡ್ಡಿಂಗ್ ಶುರುವಾಗಿದ್ದು ಎಲ್ಲರಿಗೂ ನೆನಪಿರಬೇಕು.

ಮೊದಲು ವಾಟರ್ ಹೀಟರ್ ವಿಷಯ. ಪ್ಯಾನೆಲ್ ಬಂದ ಮೇಲೆ ಇದನ್ನು ಹಳೇ ಕಾಲದ್ದು ಅಂತ ಮೂಲೆಗೆ ತಳ್ಳುವವರು ಜಾಸ್ತಿ. ನನ್ನ ಮಟ್ಟಿಗೆ ಇದು ಈಗಲೂ ಮೊದಲ ಸಾಲಿನಲ್ಲಿ ನಿಲ್ಲಬೇಕಾದ್ದು. ಕಾರಣ ಸುಲಭ. 100 ಲೀಟರ್ ನೀರನ್ನು 20 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸೋಕೆ ಗೀಸರ್‌ಗೆ ಸುಮಾರು 4.6 ಯೂನಿಟ್ ಬೇಕು. 1 ಕಿಲೋವ್ಯಾಟ್ ಪ್ಯಾನೆಲ್ ನಮ್ಮ ಕಡೆ ಒಂದು ದಿನಕ್ಕೆ ಸರಾಸರಿ ಕೊಡುವುದೇ 4 ಯೂನಿಟ್ ಆಸುಪಾಸು. ಪ್ಯಾನೆಲ್ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಐದನೇ ಒಂದು ಭಾಗವನ್ನಷ್ಟೇ ಕರೆಂಟ್ ಮಾಡುತ್ತದೆ. ಹೀಟರ್ ಅರ್ಧಕ್ಕಿಂತ ಜಾಸ್ತಿ ಬಿಸಿಲನ್ನು ನೇರವಾಗಿ ನೀರಿಗಿಳಿಸುತ್ತದೆ. ಜಾಗವೂ ಕಡಿಮೆ ಸಾಕು, ದುಡ್ಡೂ ಕಡಿಮೆ.

ಗಾಜಿನ ಟ್ಯೂಬಿನದು ಬೇಕೋ, ತಾಮ್ರದ ಫ್ಲಾಟ್ ಪ್ಲೇಟಿನದು ಬೇಕೋ ಅನ್ನುವುದನ್ನು ನಿಮ್ಮ ಬೋರಿನ ನೀರು ತೀರ್ಮಾನ ಮಾಡಬೇಕು. ಗಡಸು ನೀರಾದರೆ ತಾಮ್ರದ ಸಣ್ಣ ಕೊಳವೆಯೊಳಗೆ ಸುಣ್ಣ ಕಟ್ಟಿಕೊಳ್ಳುತ್ತದೆ, ಕೆಲವು ವರ್ಷದಲ್ಲಿ ನೀರು ಬಿಸಿಯಾಗುವುದೇ ನಿಲ್ಲುತ್ತದೆ. ನಮ್ಮದು ಗಾಜಿನದು. ಪ್ಲಂಬರ್ ಟ್ಯೂಬ್ ಬಿಚ್ಚಿ ತೊಳೆದಾಗ ತಳದಿಂದ ಮೊಸರಿನ ಬಣ್ಣದ ಕೆಸರು ಒಂದು ಮಗ್ಗಿನಷ್ಟು ಬಂತು. ತೊಳೆದ ಮರುದಿನವೇ ನೀರು ಕೈ ಇಡಲಾರದಷ್ಟು ಕಾದಿತ್ತು. ವರ್ಷಕ್ಕೊಮ್ಮೆ ಇಷ್ಟು ಮಾಡಿಸಿದರೆ ಸಾಕು. ಇನ್ನೊಂದು ವಿಷಯ, ತಾರಸಿಯಿಂದ ಬಚ್ಚಲಿಗೆ ಪೈಪ್ ಉದ್ದ ಇದ್ದರೆ ಬಿಸಿನೀರು ಬರುವ ಮುಂಚೆ ಅರ್ಧ ಬಕೆಟ್ ತಣ್ಣೀರು ಬರುತ್ತದೆ. ಅದನ್ನು ಹಿಡಿದು ಗಿಡಕ್ಕೆ ಹಾಕುತ್ತೇವೆ. ಮನೆ ಕಟ್ಟುವವರು ಟ್ಯಾಂಕನ್ನು ಬಚ್ಚಲಿನ ನೇರಕ್ಕೇ ಇಡಿಸಿ, ಪೈಪಿಗೆ ಹೊದಿಕೆ ಸುತ್ತಿಸಿ.

ಇದರ ಕಷ್ಟ ಇರುವುದು ಮಳೆಗಾಲದಲ್ಲಿ. ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ಶಿವಮೊಗ್ಗದಲ್ಲಿ ಗೀಸರ್ ಬೇಕೇ ಬೇಕು. ಹಳ್ಳಿ ಮನೆಗಂತೂ ನಾನು ಹೀಟರ್ ಹಾಕಿಸಲೇ ಇಲ್ಲ. ಅಲ್ಲಿ ಮಂಗಗಳ ಕಾಟ, ಪಕ್ಕದ ಮನೆಯ ಗಾಜಿನ ಟ್ಯೂಬುಗಳು ಉಳಿಯಲಿಲ್ಲ. ಬಚ್ಚಲಲ್ಲಿ ಹಂಡೆ ಇದೆ, ಒಲೆಗೆ ತೋಟದ ಅಡಿಕೆ ಸಿಪ್ಪೆ, ತೆಂಗಿನ ಸೋಗೆ, ಒಣಗಿದ ಹಾಳೆ ಸಾಕಾಗುತ್ತದೆ. ತೋಟದಲ್ಲೇ ಬಿದ್ದು ಕೊಳೆಯುವ ವಸ್ತು ಉರಿಯುವುದಕ್ಕೂ ನೆಲದಡಿಯ ಕಲ್ಲಿದ್ದಲು ಉರಿಯುವುದಕ್ಕೂ ವ್ಯತ್ಯಾಸ ಇದೆ. ಕಾಡಿನಿಂದ ಮರ ಕಡಿದು ತಂದು ನೀರು ಕಾಯಿಸುವ ಮನೆಯಾದರೆ ಲೆಕ್ಕ ಪೂರ್ತಿ ಬೇರೆ. ಅಂಥ ಮನೆಗೆ ಹೀಟರ್ ಹಾಕಿಸಿದರೆ ಕಾಡೂ ಉಳಿಯುತ್ತದೆ, ಹೊಗೆ ಕುಡಿಯುವ ಹೆಂಗಸರ ಕಣ್ಣು, ಎದೆಯೂ ಉಳಿಯುತ್ತದೆ.

ಹಳ್ಳಿಯ ಬ್ಯಾಟರಿ ಸೋಲಾರ್‌ಗೆ ಬರೋಣ. ಮಲೆನಾಡಿನಲ್ಲಿ ಜೂನ್ ಗಾಳಿಗೆ ಒಂದು ಮರ ಲೈನ್ ಮೇಲೆ ಬಿದ್ದರೆ ಎರಡು ಮೂರು ದಿನ ಕರೆಂಟ್ ಇಲ್ಲ ಅನ್ನುವುದು ಮಾಮೂಲು. ಆಗ ಈ ವ್ಯವಸ್ಥೆ ಮಾಡುವ ಉಪಕಾರ ದೊಡ್ಡದು. ಅಮ್ಮನ ಅಡುಗೆಮನೆಯಲ್ಲಿ ದೀಪ, ಅಪ್ಪನ ಫೋನಿಗೆ ಚಾರ್ಜ್, ರಾತ್ರಿ ಬಾತ್‌ರೂಮಿಗೆ ಹೋಗುವ ದಾರಿಯಲ್ಲಿ ಬೆಳಕು. ಕರ್ನಾಟಕದ ಹಳ್ಳಿಗಳಿಗೆ ಸೋಲಾರ್ ಕಾಲಿಟ್ಟಿದ್ದೇ ಹೀಗೆ. 1995ರಲ್ಲಿ ಹರೀಶ್ ಹಂದೆಯವರು ಶುರುಮಾಡಿದ ಸೆಲ್ಕೊ ಕಂಪನಿ, ಗ್ರಾಮೀಣ ಬ್ಯಾಂಕುಗಳಿಂದ ಸಾಲ ಕೊಡಿಸಿ ಬಡವರ ಮನೆಗೆ ದೀಪ ತಂದಿತು. ಸೋಲಾರ್ ಅಂದರೆ ದೊಡ್ಡವರ ತಾರಸಿಯ ಶೋಕಿ ಅಲ್ಲ ಅಂತ ನಮ್ಮ ಜಿಲ್ಲೆಗಳಿಗೆ ಮೊದಲು ತೋರಿಸಿಕೊಟ್ಟವು ಆ ಸಣ್ಣ ದೀಪಗಳೇ.

ಆದರೆ ಕಲ್ಲಿದ್ದಲಿನ ಲೆಕ್ಕ ಹಿಡಿದರೆ ಮೂರರಲ್ಲಿ ಇದೇ ಹಿಂದೆ. 12 ವೋಲ್ಟಿನ 150 ಆಂಪಿಯರ್ ಅವರ್ ಬ್ಯಾಟರಿ ಎರಡು ಸೇರಿದರೆ ಹೆಸರಿಗೆ 3.6 ಯೂನಿಟ್. ಲೆಡ್ ಆಸಿಡ್ ಬ್ಯಾಟರಿ ಬಾಳಿಕೆ ಬರಬೇಕಾದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಅಂದರೆ ಕೈಗೆ ಸಿಗುವುದು 1.8 ಯೂನಿಟ್ ಅಷ್ಟೇ. ಮಾರ್ಚ್ ತಿಂಗಳಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆಲ್ಲ ಬ್ಯಾಟರಿ ತುಂಬಿರುತ್ತದೆ. ಆಮೇಲೆ ಸಂಜೆವರೆಗೂ ಪ್ಯಾನೆಲ್ ಮೇಲೆ ಬಿಸಿಲು ಸುರಿಯುತ್ತಿದ್ದರೂ ಆ ಶಕ್ತಿ ಹೋಗೋಕೆ ದಾರಿ ಇಲ್ಲ. ವರ್ಷದಲ್ಲಿ ಅದೆಷ್ಟು ದಿನ ಹೀಗೆ ವ್ಯರ್ಥವಾಗುತ್ತೆ ಅಂತ ಯೋಚಿಸಿದರೆ ಹೊಟ್ಟೆ ಉರಿಯುತ್ತದೆ. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕುತ್ತಿರಬೇಕು, ಟರ್ಮಿನಲ್ ಮೇಲೆ ಕಟ್ಟುವ ಹಸಿರು ಪುಡಿ ಒರೆಸಬೇಕು, ನಾಲ್ಕೈದು ವರ್ಷಕ್ಕೆ ಹೊಸದು ತರಬೇಕು. ಹಳೆಯದನ್ನು ತಪ್ಪದೆ ಬ್ಯಾಟರಿ ಅಂಗಡಿಗೇ ವಾಪಸ್ ಕೊಡಿ. ಗುಜರಿಯವರು ಬಯಲಲ್ಲಿ ಸೀಸ ಕರಗಿಸಿದರೆ ಆ ವಿಷ ನೆಲಕ್ಕೆ, ಮಕ್ಕಳ ಮೈಗೆ ಸೇರುತ್ತದೆ. ಈಗ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಬಂದಿದೆ. ಅದನ್ನು ಶೇಕಡ 80ರಿಂದ 90ರವರೆಗೆ ಬಳಸಬಹುದು, ಹತ್ತು ವರ್ಷ ಬಾಳಿಕೆ ಬರುತ್ತದೆ, ನೀರು ಹಾಕುವ ಗೊಡವೆಯಿಲ್ಲ. ಬೆಲೆ ಮಾತ್ರ ಜಾಸ್ತಿ.

ಗ್ರಿಡ್ ಸೋಲಾರ್‌ನಲ್ಲಿ ಹೀಗೆ ವ್ಯರ್ಥವಾಗುವ ಪ್ರಶ್ನೆಯೇ ಇಲ್ಲ. ನಮ್ಮ ಮನೆಗೆ ಬೇಡವಾದ ಯೂನಿಟ್ ಲೈನಿಗೆ ಹೋಗಿ ಅದೇ ಬೀದಿಯ ಯಾರದೋ ಮನೆಯ ಮಿಕ್ಸಿ ತಿರುಗಿಸುತ್ತದೆ. ಎರಡೂ ಕಡೆ ಓಡುವ ಮೀಟರ್ ಎಷ್ಟು ಕೊಟ್ಟೆವು, ಎಷ್ಟು ತಗೊಂಡೆವು ಅಂತ ಬರೆದಿಟ್ಟುಕೊಳ್ಳುತ್ತದೆ. ಜನವರಿಯಿಂದ ಏಪ್ರಿಲ್‌ವರೆಗೆ ನಮ್ಮ 3 ಕಿಲೋವ್ಯಾಟ್ ದಿನಕ್ಕೆ 12ರಿಂದ 14 ಯೂನಿಟ್ ಕೊಡುತ್ತದೆ. ಜುಲೈನಲ್ಲಿ ಮೋಡ ಮುಚ್ಚಿದ ದಿನ 4ಕ್ಕೆ ಇಳಿಯುತ್ತದೆ. ವರ್ಷಕ್ಕೆ 4,000 ಯೂನಿಟ್ ಹತ್ತಿರ, ಅಂದರೆ ಸುಮಾರು 2.8 ಟನ್ ಇಂಗಾಲದ ಡೈಆಕ್ಸೈಡ್ ಕಡಿಮೆ. ಬಿಸಿಲು ಜಾಸ್ತಿ ಇದ್ದಷ್ಟೂ ಕರೆಂಟ್ ಜಾಸ್ತಿ ಅಂತ ತಿಳಿಯಬೇಡಿ. ಪ್ಯಾನೆಲ್ ಕಾದಷ್ಟೂ ಅದರ ಶಕ್ತಿ ಇಳಿಯುತ್ತದೆ. ಏಪ್ರಿಲ್ ಸೆಖೆಗಿಂತ ಫೆಬ್ರವರಿಯ ತಂಪು ಬಿಸಿಲೇ ಅದಕ್ಕೆ ಹಿತ.

ಆದರೆ ಮುಂಚೆಯೇ ತಿಳಿದಿರಬೇಕಾದ ಒಂದು ಮಾತಿದೆ. ಲೈನಿನ ಕರೆಂಟ್ ಹೋದರೆ ಗ್ರಿಡ್ ಸೋಲಾರ್ ಕೂಡ ಆ ಕ್ಷಣವೇ ನಿಲ್ಲುತ್ತದೆ. ನಡು ಮಧ್ಯಾಹ್ನ, ಸುಡುಬಿಸಿಲು, ತಾರಸಿ ತುಂಬ ಪ್ಯಾನೆಲ್, ಆದರೂ ಫ್ಯಾನ್ ತಿರುಗಲ್ಲ. ನಮ್ಮ ಬೀದಿಯ ಲೈನ್‌ಮನ್ ಒಬ್ಬರು ಇದಕ್ಕೆ ಕಾರಣ ಹೇಳಿದರು: "ನಾನು ಕಂಬ ಹತ್ತಿರೋವಾಗ ನಿಮ್ಮನೆ ಕರೆಂಟು ಲೈನಿಗೆ ಬಂದ್ರೆ ನನ್ ಗತಿ ಏನ್ ಸಾರ್?" ಆ ಒಂದು ಮಾತು ಸಾಕು ಅಲ್ವಾ? ಪ್ಯಾನೆಲ್‌ನ ಕರೆಂಟನ್ನು ಮನೆ ಬಳಕೆಯ ಕರೆಂಟಾಗಿ ಬದಲಿಸುವ ಇನ್ವರ್ಟರ್‌ನಲ್ಲಿ ಈ ಸುರಕ್ಷತೆ ಇರಲೇಬೇಕು. ಕರೆಂಟ್ ಪದೇ ಪದೇ ಹೋಗುವ ಊರಿನಲ್ಲಿ ಬರೀ ಗ್ರಿಡ್ ಸೋಲಾರ್ ಹಾಕಿಸಿದರೆ ನಿಮಗೆ ಬೇಸರವೇ.

ಪ್ಯಾನೆಲ್ ತೊಳೆಯುವುದು ಸಣ್ಣ ಕೆಲಸ ಅನಿಸಬಹುದು. ಹತ್ತಿರ ಹೋಗಿ ನೋಡಿ. ಮಳೆ ನೀರು ಕೆಳಗಿನ ಫ್ರೇಮಿನ ಅಂಚಿನಲ್ಲಿ ನಿಂತು, ಧೂಳು ಅಲ್ಲೇ ಒಣಗಿ, ಎರಡು ಬೆರಳು ಅಗಲದ ಕಂದು ಪಟ್ಟಿ ಕೂತಿರುತ್ತದೆ. ಪ್ಯಾನೆಲ್‌ನ ಬಿಲ್ಲೆಗಳು ಒಂದಕ್ಕೊಂದು ಸರಪಳಿಯಂತೆ ಸೇರಿರುವುದರಿಂದ ಕೆಳಗಿನ ಸಾಲು ಮುಚ್ಚಿದರೆ ಮೇಲಿನದಕ್ಕೂ ಪೆಟ್ಟು. ತೆಂಗಿನ ಗರಿಯ ನೆರಳು ಮಾಡುವುದೂ ಇದನ್ನೇ. ಬೆಳಗ್ಗೆ ಬಿಸಿಲೇರುವ ಮುಂಚೆ ನೀರು, ಮೆತ್ತನೆ ಬಟ್ಟೆ ಸಾಕು. ಕಾದ ಗಾಜಿಗೆ ತಣ್ಣೀರು ಸುರಿಯಬೇಡಿ.

ಈಗ ದುಡ್ಡು. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000, ಒಟ್ಟು 78,000 ಸಬ್ಸಿಡಿ ಇದೆ. ಪ್ಯಾನೆಲ್ ದೇಶದಲ್ಲೇ ತಯಾರಾಗಿರಬೇಕು, ಗ್ರಿಡ್‌ಗೆ ಸೇರಿರಬೇಕು. ಗ್ರಿಡ್ ಸಂಪರ್ಕ ಇಲ್ಲದ ಬ್ಯಾಟರಿ ವ್ಯವಸ್ಥೆಗೆ ಇದು ಸಿಗಲ್ಲ. 3 ಕಿಲೋವ್ಯಾಟ್‌ಗೆ 1.9 ಲಕ್ಷ ಅಂತ ಹಿಡಿದರೆ ಸಬ್ಸಿಡಿ ಕಳೆದು 1.12 ಲಕ್ಷ. ವರ್ಷಕ್ಕೆ ಸಿಗುವ ಒಂದೊಂದು ಯೂನಿಟ್‌ಗೆ ಹೂಡಿದ್ದು 28 ರೂಪಾಯಿ. ವಾಟರ್ ಹೀಟರ್‌ಗೆ 22,000 ಹಿಡಿದು, ವರ್ಷಕ್ಕೆ ಸಾವಿರ ಯೂನಿಟ್ ಗೀಸರ್ ಖರ್ಚು ಉಳಿಯಿತು ಅಂದುಕೊಂಡರೆ 22 ರೂಪಾಯಿ. ಬ್ಯಾಟರಿ ಸೋಲಾರ್‌ನಲ್ಲಿ ಲಕ್ಷದ ಹತ್ತಿರ ಹಾಕಿ ನಿಜವಾಗಿ ಬಳಕೆಗೆ ಬಂದದ್ದು 600 ಯೂನಿಟ್ ಆದರೆ 160 ದಾಟುತ್ತದೆ. ನಿಮ್ಮ ಮನೆಯ ಅಂಕಿ ಹೆಚ್ಚು ಕಡಿಮೆ ಆಗಬಹುದು, ಆದರೆ ಬ್ಯಾಟರಿಗೂ ಉಳಿದೆರಡಕ್ಕೂ ಅಂತರ ಇಷ್ಟು ದೊಡ್ಡದಿರುವಾಗ ಬ್ಯಾಟರಿ ಕೊನೆಯ ಸ್ಥಾನ ಬಿಟ್ಟು ಮೇಲೆ ಬರುವುದು ಕಷ್ಟ.

"ಗೃಹಜ್ಯೋತಿಯಲ್ಲಿ ಬಿಲ್ಲೇ ಸೊನ್ನೆ ಬರುವಾಗ ಇದೆಲ್ಲ ಯಾಕೆ?" ಅಂತ ಅಮ್ಮ ಕೇಳಿದ್ದರು. ನ್ಯಾಯವಾದ ಪ್ರಶ್ನೆ. 2023ರಿಂದ ತಿಂಗಳಿಗೆ 200 ಯೂನಿಟ್ ಒಳಗೆ, ಹಿಂದಿನ ಸರಾಸರಿಯ ಮೇಲೆ ಸ್ವಲ್ಪ ಸೇರಿಸಿ ಉಚಿತ ಕೊಡುತ್ತಿರುವಾಗ, ಕಡಿಮೆ ಬಳಸುವ ಮನೆಗೆ ಪ್ಯಾನೆಲ್ ಹಾಕಿಸಿ ದುಡ್ಡು ಉಳಿಯುವುದಿಲ್ಲ. ಅಂಥವರು ಸಾಲ ಮಾಡಿ ಪ್ಯಾನೆಲ್ ಹಾಕಿಸಲಿ ಅಂತ ನಾನು ಹೇಳಲ್ಲ. 75 ವ್ಯಾಟಿನ ಹಳೇ ಫ್ಯಾನ್ ತೆಗೆದು 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ಹಾಕಿಸಿದರೂ ಅಷ್ಟು ಕಲ್ಲಿದ್ದಲು ಉಳಿಯಿತು. 200 ಯೂನಿಟ್ ದಾಟಿ ಪೂರ್ತಿ ಬಿಲ್ ಕಟ್ಟುವ, ತಾರಸಿಯೂ ಇರುವ ನಮ್ಮಂಥವರು ಮಾತ್ರ ಹಿಂದೆ ಮುಂದೆ ನೋಡಬಾರದು. ನಮ್ಮ ಬಳಕೆಯೇ ಜಾಸ್ತಿ, ಜವಾಬ್ದಾರಿಯೂ ಜಾಸ್ತಿ. ಹಾಗಂತ ಬೇಕಾದ್ದಕ್ಕಿಂತ ದೊಡ್ಡದು ಹಾಕಿಸಬೇಡಿ. ಉಳಿದ ಯೂನಿಟ್‌ಗೆ ಸಿಗುವ ದರ ನಾವು ಕೊಡುವ ದರಕ್ಕಿಂತ ತುಂಬ ಕಡಿಮೆ.

ಪ್ಯಾನೆಲ್ ಬಂದ ಮೇಲೆ ನಮ್ಮ ಮನೆಯ ದಿನಚರಿ ಬದಲಾಯಿತು. ವಾಷಿಂಗ್ ಮಷೀನ್, ಸಂಪಿನ ಪಂಪ್, ದೋಸೆ ಹಿಟ್ಟಿನ ಗ್ರೈಂಡರ್, ಮಳೆಗಾಲದ ಗೀಸರ್, ಎಲ್ಲ ಹಗಲು ಹನ್ನೊಂದರಿಂದ ಮೂರರ ಒಳಗೆ. ಬಿಲ್‌ನಲ್ಲಿ ಇದರಿಂದ ಹೆಚ್ಚು ವ್ಯತ್ಯಾಸ ಆಗಲ್ಲ, ಆದರೂ ಮಾಡುತ್ತೇವೆ. ಯಾಕೆಂದರೆ ರಾಜ್ಯಕ್ಕೆ ಕಷ್ಟ ಇರುವುದು ಸಂಜೆ. ಹಗಲು ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ, ಸೂರ್ಯ ಮುಳುಗಿದ ಮೇಲೆ ಮತ್ತೆ ರಾಯಚೂರು, ಬಳ್ಳಾರಿಯ ಕಲ್ಲಿದ್ದಲು. ಸಂಜೆಗೆ ಶಕ್ತಿ ಕೂಡಿಡಬೇಕು ಅಂತಲೇ ಶರಾವತಿ ಕಣಿವೆಯಲ್ಲಿ, ಸಿಂಗಳೀಕಗಳ ಅಭಯಾರಣ್ಯದೊಳಗೆ, ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಗೆ, ಅಂದರೆ ಕರೆಂಟ್ ಜಾಸ್ತಿ ಇರುವಾಗ ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿ, ಬೇಕಾದಾಗ ಕೆಳಗೆ ಬಿಟ್ಟು ಕರೆಂಟ್ ಮಾಡುವ ಯೋಜನೆಗೆ ಹೊರಟಿದ್ದಾರೆ. ಲಿಂಗನಮಕ್ಕಿಗೆ ಊರು ಬಿಟ್ಟುಕೊಟ್ಟವರ ಮಕ್ಕಳು, ಮೊಮ್ಮಕ್ಕಳು ಇನ್ನೂ ಹಕ್ಕುಪತ್ರಕ್ಕೆ ಅಲೆಯುತ್ತಿರುವ ಸೀಮೆ ಇದು. ಇಲ್ಲಿ ಮತ್ತೆ ಕಾಡು ಕೇಳುವ ಮುಂಚೆ ನಗರದ ತಾರಸಿಗಳನ್ನೂ ಮನೆಮನೆಯ ಬ್ಯಾಟರಿಗಳನ್ನೂ ಬಳಸಿ ಮುಗಿಸಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನಮ್ಮ ಮನೆಯ ಸಂಜೆಯ ಎರಡು ಯೂನಿಟ್ ಹಗಲಿಗೆ ಹೋದರೆ ದೊಡ್ಡದೇನಲ್ಲ, ಒಂದು ಊರಿನದೇ ಹೋದರೆ ದೊಡ್ಡದು.

ಹಾಗಾಗಿ ಕೇಳಿದವರಿಗೆ ನಾನು ಹೇಳುವುದು: ಶಿವಮೊಗ್ಗ, ದಾವಣಗೆರೆ, ಮೈಸೂರಿನಂಥ ಊರಲ್ಲಿ ದಿನಾ ಗೀಸರ್ ಹಾಕುವ ಮನೆಗೆ ಮೊದಲು ವಾಟರ್ ಹೀಟರ್, ಆಮೇಲೆ ಗ್ರಿಡ್ ಸೋಲಾರ್. ಬ್ಯಾಟರಿ ಬೇಕಾಗಿರುವುದು ಕರೆಂಟ್ ನಿಜವಾಗಿಯೂ ಕೈಕೊಡುವ ಕಡೆ. ಸುಮ್ನೆ ಇರಲಿ ಅಂತ ದೊಡ್ಡ ಬ್ಯಾಟರಿ ಬೇಡ. ಹಳ್ಳಿ ಮನೆಯದು ಈಗ ಬದಲಾಗಬೇಕು. ಬ್ಯಾಟರಿಗಳು ಸೋತಿವೆ. ಅಡಿಕೆ ಕೊಯ್ಲು ಮುಗಿದ ಮೇಲೆ ಅಲ್ಲಿಗೆ ಹೈಬ್ರಿಡ್ ಇನ್ವರ್ಟರ್ ಹಾಕಿಸುತ್ತೇವೆ. ಪ್ಯಾನೆಲ್ ಲೈನಿಗೂ ಸೇರಿರುತ್ತದೆ, ಕರೆಂಟ್ ಹೋದಾಗ ದೀಪ, ಫ್ರಿಡ್ಜ್, ವೈಫೈಗೆ ಆಗುವಷ್ಟು ಒಂದು ಸಣ್ಣ ಲಿಥಿಯಂ ಬ್ಯಾಟರಿಯೂ ಇರುತ್ತದೆ. ಪ್ಯಾನೆಲ್ ಮನೆಯ ಮಾಡಿನ ಮೇಲಲ್ಲ, ದಕ್ಷಿಣಕ್ಕೆ ಇಳಿಜಾರಿರುವ ಅಡಿಕೆ ಸುಲಿಯುವ ಶೆಡ್ಡಿನ ತಗಡಿನ ಮೇಲೆ. ಅಲ್ಲಿ ಮರದ ನೆರಳಿಲ್ಲ, ಏಣಿ ಇಟ್ಟರೆ ತೊಳೆಯೋಕೂ ಸುಲಭ. ಮಿಂಚು ಬಂಧಕ, ಅರ್ಥಿಂಗ್ ಎರಡನ್ನೂ ಕೊಟೇಶನ್‌ನಲ್ಲಿ ಬೇರೆಯಾಗಿ ಬರೆದು ಕೊಡಿ ಅಂತ ಅಂಗಡಿಯವರಿಗೆ ಆಗಲೇ ಹೇಳಿಟ್ಟಿದ್ದೇನೆ.