ಔಟ್‌ಬೋರ್ಡ್ ಗೇರ್‌ಕೇಸಿಗೆ ಜೆ.ಸಿ. ರಸ್ತೆಯ ಕೈಪಂಪ್ ಕಿಟ್

ಬೆಂಗಳೂರಿನ ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ಕಾರಿನ ಬ್ರೇಕ್ ಬ್ಲೀಡಿಂಗಿಗೆಂದು (ಬ್ರೇಕ್ ಪೈಪಿನ ಗಾಳಿ ತೆಗೆಯಲೆಂದು) ಮಾರುವ, ಪಿಸ್ತೂಲಿನಂಥ ಹಿಡಿಯ ಕೈಪಂಪ್ ಕಿಟ್ ಇದು. ಡಬ್ಬಿಯ ಮೇಲೆ ದೋಣಿಯ ಸುಳಿವಿಲ್ಲ, ಒಳಗೆ ಔಟ್‌ಬೋರ್ಡಿಗೆ, ಅಂದರೆ ದೋಣಿಯ ಹಿಂಬದಿಗೆ ತೂಗುಹಾಕುವ ಎಂಜಿನ್ನಿಗೆ, ಕೂರುವ ಅಡಾಪ್ಟರೂ ಇಲ್ಲ. ಆದರೂ ಗೇರ್‌ಕೇಸಿನ (ಪ್ರೊಪೆಲ್ಲರ್ ತಿರುಗಿಸುವ ಗೇರುಗಳ ಪೆಟ್ಟಿಗೆಯ) ಆಯಿಲ್ ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕೆ ತಿರುಗಿದಾಗ ನೀರು ಯಾವ ಸೀಲಿನಿಂದ ನುಗ್ಗುತ್ತಿದೆ ಎಂದು ಅರ್ಧ ಗಂಟೆಯಲ್ಲಿ ತೋರಿಸುವ ಸಾಮಾನು. ಕೊಳ್ಳುವಾಗ ಪ್ರೆಶರ್ ಮತ್ತು ವ್ಯಾಕ್ಯೂಮ್ ಎರಡೂ ಇರುವುದನ್ನೇ ಕೇಳಿ. ಬರೀ ವ್ಯಾಕ್ಯೂಮಿನದು ತಂದರೆ ಸೋಪಿನ ನೊರೆ ಪರೀಕ್ಷೆ ಮಾಡಲಾಗದು.

ಪಂಪ್ ಹಚ್ಚುವ ಮೊದಲು ನೀರಿದೆಯೋ ಇಲ್ಲವೋ ಖಾತ್ರಿಯಾಗಲಿ. ಈಗಷ್ಟೇ ಓಡಿಸಿ ನಿಲ್ಲಿಸಿದ ಎಂಜಿನ್ನಿನ ಆಯಿಲು ಗಾಳಿಗುಳ್ಳೆಯಿಂದಲೂ ಬೆಳ್ಳಗಾಗುತ್ತದೆ. ರಾತ್ರಿಯಿಡೀ ನೆಟ್ಟಗೆ ನಿಲ್ಲಿಸಿ, ಬೆಳಿಗ್ಗೆ ಕೆಳಗಿನ ಡ್ರೇನ್ ಸ್ಕ್ರೂವನ್ನು ಮೆಲ್ಲಗೆ ಸಡಿಲಿಸಿ. ತಳಕ್ಕಿಳಿದ ನೀರಿದ್ದರೆ ಆಯಿಲಿಗಿಂತ ಮುಂಚೆ ಅದೇ ತೊಟ್ಟಿಕ್ಕುತ್ತದೆ. ಆಯಿಲಿನೊಡನೆ ಕಲಸಿಹೋಗಿದ್ದರೆ ಸುಮಾರು 160 ಡಿಗ್ರಿಗೆ ಕಾದ ಹಾಟ್ ಪ್ಲೇಟಿನ ಮೇಲೆ ಒಂದೇ ಒಂದು ಹನಿ ಬಿಡಿ. ಒಗ್ಗರಣೆಯ ಸಾಸಿವೆಯಂತೆ ಚಟಪಟ ಸಿಡಿದರೆ ಅನುಮಾನವೇ ಬೇಡ, ಶೇಕಡಾ 0.1ರಷ್ಟು ನೀರಿದ್ದರೂ ಗುಳ್ಳೆ ಏಳುತ್ತದೆ. ಕನ್ನಡಕ ಹಾಕಿಕೊಳ್ಳಿ, ಬೆಂಕಿಯ ಒಲೆ ಬೇಡ.

ಅಡಾಪ್ಟರ್ ಇಲ್ಲದ್ದೇ ಕಿಟ್ಟಿನ ದೊಡ್ಡ ಕೊರತೆ. ಕಿಟ್ಟಿನಲ್ಲಿರುವ ರಬ್ಬರ್ ಕೋನನ್ನು ತೂತಿಗೆ ಒತ್ತಿ ಹಿಡಿದು ಪರೀಕ್ಷಿಸುವುದು ವ್ಯರ್ಥ, ಸೀಲಿಗಿಂತ ಮೊದಲು ಅದೇ ಸೋರುತ್ತದೆ. ಎಂಜಿನ್ನಿನ ಡ್ರೇನ್ ಸ್ಕ್ರೂವನ್ನು ಯಾವುದಾದರೂ ಲೇತ್ ಅಂಗಡಿಗೆ ಒಯ್ದು, ಅದೇ ಥ್ರೆಡ್ಡಿನ (ತಿರುಪಿನ ಗೆರೆಯ) ಹಿತ್ತಾಳೆ ನಿಪ್ಪಲ್ ಮಾಡಿಸಿ, ಅದೇ ನಿಮ್ಮ ಅಡಾಪ್ಟರ್. ಸಾಮಾನ್ಯವಾಗಿ 8 ಎಂಎಂ, 10 ಎಂಎಂ ಅಥವಾ 3/8 ಇಂಚು ಇರುತ್ತದೆ, ಆದರೆ ಕಣ್ಣಂದಾಜಿನಲ್ಲಿ ಹೇಳಬೇಡಿ. ಪಿಚ್ (ಗೆರೆಗಳ ನಡುವಿನ ಅಂತರ) ತಪ್ಪಿದರೆ ಹಾಳಾಗುವುದು ಅಲ್ಯೂಮಿನಿಯಂ ಕೇಸಿನ ಥ್ರೆಡ್.

ಈಗ ಪರೀಕ್ಷೆ. ಆಯಿಲು ಪೂರ್ತಿ ಇಳಿಸಿ. ಕೆಳಗಿನ ತೂತಿಗೆ ಹೊಸ ಗ್ಯಾಸ್ಕೆಟ್ ಹಾಕಿ ಸ್ಕ್ರೂ ಬಿಗಿಯಿರಿ, ಮೇಲಿನ ವೆಂಟಿಗೆ (ಗಾಳಿ ಹೋಗುವ ತೂತಿಗೆ) ಅಡಾಪ್ಟರ್. ಈ ಗ್ಯಾಸ್ಕೆಟ್ ಚಿಲ್ಲರೆ ಕಾಸಿನದು, ಎಷ್ಟೋ ಸಲ ತಪ್ಪಿತಸ್ಥನೂ ಅದೇ: ಪ್ರತಿ ಸಲ ಹಳೆಯದನ್ನೇ ಹಾಕಿದರೆ ಚಪ್ಪಟೆಯಾಗಿ ನೀರು ಬಿಡುತ್ತದೆ. ಮೊದಲು 5 ಪಿಎಸ್‌ಐಗೆ ಏರಿಸಿ ನೋಡಿ, ಆಮೇಲೆ 10. ಮ್ಯಾನ್ಯುಯಲ್ ಹೇಳಿದ್ದಕ್ಕಿಂತ ಮೇಲೆ ಹೋದರೆ ಒಳ್ಳೆಯ ಸೀಲಿನ ತುಟಿಯೂ ಗಾಳಿ ಬಿಡುತ್ತದೆ. ಐದು ನಿಮಿಷ ಮೀಟರಿನ ಮುಳ್ಳು ಅಲುಗಬಾರದು. ಆ ಹೊತ್ತಿನಲ್ಲಿ ಪ್ರೊಪೆಲ್ಲರ್ ಶಾಫ್ಟ್ ತಿರುಗಿಸಿ, ಗೇರ್ ಹಿಂದೆ ಮುಂದೆ ಹಾಕಿ. ನಿಂತಾಗ ಸುಮ್ಮನಿರುವ ಸೀಲು ತಿರುಗುವಾಗ ಬಾಯಿ ಬಿಡುವುದುಂಟು. ಸೀಲು ಸೋರುತ್ತಿದ್ದರೆ, ಸೋಪಿನ ನೀರು ಸವರಿದಾಗ ಪ್ರೊಪೆಲ್ಲರ್ ಶಾಫ್ಟಿನ ಸುತ್ತ ಗಸಗಸೆ ಕಾಳಿನಷ್ಟು ಸಣ್ಣ ನೊರೆ ಒಂದು ಕಡೆಯಿಂದಲೇ ಸಾಲಾಗಿ ಎದ್ದುಬರುತ್ತದೆ. ನಮ್ಮ ಕೆರೆಗಳಲ್ಲಿ ಅಲ್ಲಿ ಮೊದಲು ಹುಡುಕಬೇಕಾದ್ದು ಗಾಳದ ನೈಲಾನ್ ದಾರ. ಶಾಫ್ಟಿಗೆ ಸುತ್ತಿಕೊಂಡು ಸೀಲನ್ನು ಕೊಯ್ದುಬಿಡುತ್ತದೆ. ಅಲ್ಲಿ ನೊರೆಯಿಲ್ಲ, ಮುಳ್ಳು ಮಾತ್ರ ಇಳಿಯುತ್ತಿದೆ ಎಂದರೆ ವಾಟರ್ ಪಂಪ್ ಕೆಳಗಿನ ಡ್ರೈವ್ ಶಾಫ್ಟ್ ಸೀಲು ಅಥವಾ ಶಿಫ್ಟ್ ರಾಡ್ ಸೀಲಿನ ಮೇಲೆ ಗುಮಾನಿ. ಅದಕ್ಕೆ ಲೋಯರ್ ಯೂನಿಟ್ (ಗೇರ್‌ಕೇಸಿರುವ ಕೆಳಭಾಗ) ಕೆಳಗಿಳಿಸಲೇಬೇಕು.

ಪ್ರೆಶರಿನಲ್ಲಿ ಪಾಸಾಯಿತೆಂದು ಡಬ್ಬಿ ಮುಚ್ಚಬೇಡಿ. ಕಾದ ಗೇರ್‌ಕೇಸು ತಣ್ಣನೆ ನೀರಲ್ಲಿ ನಿಂತಾಗ ಒಳಗಿನ ಗಾಳಿ ಕುಗ್ಗಿ ಹೊರಗಿನ ನೀರನ್ನೇ ಎಳೆದುಕೊಳ್ಳುತ್ತದೆ. ಆಯಿಲಿನ ಹನಿಯೂ ಹೊರಗೆ ಕಾಣದೆ ಒಳಗೆ ನೀರು ಸೇರುವುದು ಹೀಗೆ. ಹಾಗಾಗಿ ವ್ಯಾಕ್ಯೂಮ್ ಮೊದಲು 5 ಇಂಚು ಪಾದರಸ, ಆಮೇಲೆ 15. ಇಳಿದರೆ ಗುಮಾನಿಯಿರುವ ಸೀಲಿನ ಮೇಲೆ ದಪ್ಪ ಆಯಿಲು ಹಚ್ಚಿ. ಮುಳ್ಳು ನಿಂತರೆ ಕಳ್ಳ ಅಲ್ಲೇ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಡಬ್ಬಿ ಮೇಲಿನ ಗರಿಷ್ಠ ವ್ಯಾಕ್ಯೂಮ್ ಅಂಕಿಯನ್ನು ಪಂಪ್ ಇಲ್ಲಿ ಮುಟ್ಟದಿದ್ದರೆ ಅಂಗಡಿಯವರ ಜೊತೆ ಜಗಳಕ್ಕೆ ಹೋಗಬೇಡಿ. ಇಲ್ಲಿಯ ಗಾಳಿಯೇ ತೆಳು, 15 ಇಂಚಿಗೆ ಏನೂ ತೊಂದರೆಯಿಲ್ಲ.

ಮೀಟರಿನ ಬಗ್ಗೆ ಒಂದು ದೂರು ಇದೆ. ಪ್ರೆಶರ್ ಗೆರೆಗಳು 60 ಪಿಎಸ್‌ಐವರೆಗೆ, ನಮಗೆ ಬೇಕಾದ್ದು ಮೊದಲ ಮೂಲೆ ಮಾತ್ರ. ಅರ್ಧ ಪಿಎಸ್‌ಐ ಇಳಿದರೆ ಕಣ್ಣಿಗೆ ಕಾಣದು. ಮುಳ್ಳಿನ ಜಾಗಕ್ಕೆ ಗಾಜಿನ ಮೇಲೆ ಮಾರ್ಕರಿನಿಂದ ಗೆರೆ ಎಳೆಯಿರಿ, ಇಲ್ಲವೇ 0–15 ಪಿಎಸ್‌ಐನ ಬೇರೆ ಮೀಟರನ್ನು T ಆಕಾರದ ಜೋಡಣೆ ಹಾಕಿ ಸೇರಿಸಿ. ಪರೀಕ್ಷೆ ನೆರಳಲ್ಲೇ ಆಗಲಿ. ಬಿಸಿಲು ಬಿದ್ದರೆ ಗಾಳಿ ಹಿಗ್ಗಿ ಸೋರಿಕೆಯನ್ನು ಮುಚ್ಚಿಹಾಕುತ್ತದೆ. ಅದಕ್ಕೂ ಮೊದಲು ಹೋಸಿನ ತುದಿ ಮಡಚಿ ಹಿಡಿದು ಪಂಪೇ ಸೋರುತ್ತಿಲ್ಲವೆಂದು ನೋಡಿಕೊಳ್ಳಿ.

ಗೇರ್‌ಕೇಸು ಬಿಟ್ಟು, ಫೋರ್ ಸ್ಟ್ರೋಕ್ ಎಂಜಿನ್ನಿನ ಸಂಪ್ ಆಯಿಲಿಗೆ (ಎಂಜಿನ್ನಿನ ತಳದ ಆಯಿಲಿಗೆ) ಈ ಕಿಟ್ಟಿನ ಉಪಯೋಗ ಅಷ್ಟಕ್ಕಷ್ಟೇ. ಬ್ರೇಕಿಗೆ ಕೊಟ್ಟ ಸಣ್ಣ ಜಾಡಿಯನ್ನು ನಡುವೆ ಸೇರಿಸಿ, ಡಿಪ್‌ಸ್ಟಿಕ್ ತೂತಿನಿಂದ ತಳದ ಆಯಿಲು ಎಳೆದು ನೋಡಬಹುದು. ಫಿಲ್ಲರ್ ಕ್ಯಾಪಿನಡಿ ಮಾತ್ರ ಬೆಣ್ಣೆಯಂಥ ಲೇಪವಿದ್ದು ಜಾಡಿಯ ಆಯಿಲು ಸ್ವಚ್ಛವಿದ್ದರೆ ಅದು ಹೆಚ್ಚಾಗಿ ಹಬೆಯ ನೀರು: ಹತ್ತು ನಿಮಿಷ ಐಡಲಿನಲ್ಲಿ ಓಡಿಸಿ ನಿಲ್ಲಿಸುವ ದೋಣಿ ಬಿಸಿಯೇ ಆಗುವುದಿಲ್ಲ, ಥರ್ಮೋಸ್ಟಾಟ್ ತೆರೆದೇ ಸಿಕ್ಕಿಕೊಂಡಿದ್ದರೂ ಇದೇ ಗತಿ. ಜಾಡಿಯ ಆಯಿಲೇ ಕೆನೆಗಟ್ಟಿದ್ದರೆ ಹೆಡ್ ಗ್ಯಾಸ್ಕೆಟ್ಟೋ ಸವೆದ ವಾಟರ್ ಜಾಕೆಟ್ಟೋ ಎಂದು ಈ ಪಂಪ್ ಹೇಳದು, ಸಿಲಿಂಡರಿಗೆ ಗಾಳಿ ತುಂಬಿ ಸೋರಿಕೆ ನೋಡುವ ಲೀಕ್‌ಡೌನ್ ಟೆಸ್ಟ್ ಬೇಕು. ಡಿಪ್‌ಸ್ಟಿಕ್ ಮಟ್ಟ ಏರಿದೆ, ಬಣ್ಣ ಕೆಟ್ಟಿಲ್ಲ, ಪೆಟ್ರೋಲ್ ವಾಸನೆ ಇದೆ ಎಂದರೆ ನೀರಿನ ಮಾತೇ ಅಲ್ಲ.

2022ರ ಸೆಪ್ಟೆಂಬರಿನ ಮಳೆಗೆ ಯಮಲೂರು, ಬೆಳ್ಳಂದೂರಿನ ಕಡೆ ರಸ್ತೆಗೇ ದೋಣಿ ಇಳಿದಿದ್ದವು. ಹಾಗೆ ವರ್ಷಕ್ಕೊಮ್ಮೆ ಕೆಲಸಕ್ಕೆ ಬಂದು ಉಳಿದಂತೆ ಶೆಡ್ಡಿನಲ್ಲಿ ಕೂರುವ ಎಂಜಿನ್ನಿಗೇ ಈ ಕಿಟ್ ಹೆಚ್ಚು ಬೇಕು. ನೀರು ಬೆರೆತ ಆಯಿಲಲ್ಲಿ ತಿಂಗಳುಗಟ್ಟಲೆ ನಿಂತ ಬೇರಿಂಗು ತುಕ್ಕು ಹಿಡಿಯುತ್ತದೆ, ಆಮೇಲೆ ಸೀಲು ಬದಲಿಸಿ ಏನು ಬಂತು?

ಸೀಲು ಹಾಕಿದ ಮೇಲೆ ಮತ್ತೆ ಎರಡೂ ಪರೀಕ್ಷೆ ಮಾಡಿ. ಹೊಸ ಆಯಿಲನ್ನು ಕೆಳಗಿನ ತೂತಿನಿಂದಲೇ, ಮೇಲಿನಿಂದ ಗುಳ್ಳೆಯಿಲ್ಲದೆ ಉಕ್ಕುವವರೆಗೆ ತುಂಬಿ. ಮೊದಲು ಮೇಲಿನ ಸ್ಕ್ರೂ, ಆಮೇಲೆ ಕೆಳಗಿನದು. ಪಂಪಿನೊಳಕ್ಕೆ ಆಯಿಲು ಹೋಗಲು ಬಿಡಬೇಡಿ, ಅದರ ವಾಲ್ವಿಗೆ ಜಿಡ್ಡು ಹಿಡಿದರೆ ಮುಳ್ಳು ಮುಂದಿನ ಸಲ ಸುಳ್ಳು ಹೇಳುತ್ತದೆ. ಐದಕ್ಕೆ ಮೂರೂವರೆ ಅಂಕ. ಅಡಾಪ್ಟರ್ ಕೊಟ್ಟಿದ್ದರೆ ನಾಲ್ಕೂವರೆ.