ಬಳಸದೆ ಇಟ್ಟ ಹಳೆಯ ಕಾರ್ವಿಂಗ್ ಬೂಟನ್ನು ಹೊಸದೆಂದು ನಂಬಿ ಕೊಳ್ಳಬೇಡಿ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯ ಕಡೆಯಿಂದ ಚಳಿಗಾಲದಲ್ಲಿ ಉತ್ತರಾಖಂಡದ ಔಲಿಗೋ ಕಾಶ್ಮೀರದ ಗುಲ್ಮಾರ್ಗಿಗೋ ಹೋಗಿ, ಒಂದೇ ಹಲಗೆಯ ಮೇಲೆ ನಿಂತು ಹಿಮದಲ್ಲಿ ಜಾರುವ ಸ್ನೋಬೋರ್ಡ್ ಕಲಿತು ಬರುವ ಯುವಕ ಯುವತಿಯರು ಈಗ ಅಲ್ಲಲ್ಲಿ ಸಿಗುತ್ತಾರೆ. ಅವರಲ್ಲಿ ಯಾರಾದರೂ ಕಾರ್ವಿಂಗ್, ಅಂದರೆ ಬೋರ್ಡಿನ ಅಂಚಿನ ಮೇಲೆ ತಿರುವು ತೆಗೆಯುವ, ಅಭ್ಯಾಸಕ್ಕೆಂದು ಸ್ವಂತ ಸಲಕರಣೆ ಕೊಳ್ಳುವ ಯೋಚನೆಯಲ್ಲಿದ್ದರೆ, ಹಣ ಕೊಡುವ ಮುಂಚೆ ಈ ಬರಹವನ್ನು ಓದಬೇಕೆಂದು ಕೇಳಿಕೊಳ್ಳುತ್ತೇನೆ. ಇಪ್ಪತ್ತು ವರ್ಷಕ್ಕೂ ಹಿಂದೆ ತಯಾರಾಗಿ, ಪೆಟ್ಟಿಗೆಯಲ್ಲೇ ಉಳಿದಿದ್ದ ಗಟ್ಟಿ ಪ್ಲಾಸ್ಟಿಕ್ ಬೂಟುಗಳನ್ನು ‘ಒಮ್ಮೆಯೂ ಬಳಸಿಲ್ಲ’ ಎಂಬ ಒಂದೇ ಮಾತಿನ ಮೇಲೆ ನಮ್ಮ ಊರಿನಲ್ಲಿ ಮಾರಲಾಗುತ್ತಿದೆ. ಅಂಥ ಒಂದು ಬೂಟು ಔಲಿಯ ಇಳಿಜಾರಿನಲ್ಲಿ ಒಡೆದು, ನನ್ನ ಅಕ್ಕನ ಮಗನ ಮಣಿಕಟ್ಟಿನ ಮೂಳೆ ಮುರಿಯಿತು.

ಅವನು ಸ್ನೋಬೋರ್ಡಿಗೆ ಹೊಸಬನಲ್ಲ. ಬಾಡಿಗೆಯ ಮೆತ್ತನೆಯ ಬೂಟುಗಳಲ್ಲಿ ಕಲಿತು, ಎರಡೂ ಬದಿಯ ತಿರುವುಗಳನ್ನು ಭಯವಿಲ್ಲದೆ ತೆಗೆಯುವ ಹಂತಕ್ಕೆ ಬಂದಿದ್ದ. ಮುಂದೆ ಕಾರ್ವಿಂಗ್ ಕಲಿಯಬೇಕೆಂಬುದು ಅವನ ಆಸೆಯಾಗಿತ್ತು. ಸಾಮಾನ್ಯ ತಿರುವಿನಲ್ಲಿ ಬೋರ್ಡು ಅಡ್ಡಕ್ಕೆ ಜಾರುತ್ತ, ಹಿಮವನ್ನು ಒರೆಸುತ್ತ ದಿಕ್ಕು ಬದಲಿಸುತ್ತದೆ. ಕಾರ್ವಿಂಗ್‌ನಲ್ಲಿ ಹಾಗಲ್ಲ. ಬೋರ್ಡನ್ನು ಅದರ ಉಕ್ಕಿನ ಅಂಚಿನ ಮೇಲೆ ಓರೆಯಾಗಿ ನಿಲ್ಲಿಸಿದಾಗ, ಬದಿಯಲ್ಲಿ ಒಳಕ್ಕೆ ಬಾಗಿರುವ ಆಕಾರವೇ ಅದನ್ನು ಕಮಾನಿನ ದಾರಿಯಲ್ಲಿ ಒಯ್ಯುತ್ತದೆ. ಹಿಂದೆ ತಿರುಗಿ ನೋಡಿದರೆ ಹಿಮದ ಮೇಲೆ ಬೆರಳಗಲದ ಒಂದು ಗೀಟು ಮಾತ್ರ ಕಾಣುತ್ತದೆ. ಈ ತಿರುವಿನಲ್ಲಿ ದೇಹದ ತೂಕವಷ್ಟೇ ಅಲ್ಲ, ವೇಗದಿಂದ ಹುಟ್ಟುವ ಒತ್ತಡವೂ ಸೇರಿ ಎಲ್ಲವೂ ಬೂಟು ಮತ್ತು ಅದನ್ನು ಬೋರ್ಡಿಗೆ ಬಿಗಿದು ಹಿಡಿಯುವ ಬೈಂಡಿಂಗ್ ಮೂಲಕವೇ ಅಂಚಿಗೆ ಇಳಿಯಬೇಕು. ಆದ್ದರಿಂದ ಇಲ್ಲಿ ಬೂಟು ಎಂದರೆ ಕಾಲನ್ನು ಬೆಚ್ಚಗಿಡುವ ಹೊದಿಕೆಯಲ್ಲ, ಭಾರ ಹೊರುವ ಯಂತ್ರಭಾಗ.

ಸಾಹಸ ಕ್ರೀಡೆಗಳ ಸಾಮಾನು ಮಾರುವ ಒಬ್ಬರ ಬಳಿ ಕಾರ್ವಿಂಗ್‌ಗೆಂದೇ ಇರುವ ಪೂರ್ತಿ ಸೆಟ್ ಇದೆ ಎಂದು ತಿಳಿದು ನಾವಿಬ್ಬರೂ ಹೋಗಿ ನೋಡಿದೆವು. ಕಿರಿದಾದ ರೇಸಿಂಗ್ ಬೋರ್ಡು, ಲೋಹದ ಪ್ಲೇಟ್ ಬೈಂಡಿಂಗ್, ಗಟ್ಟಿ ಪ್ಲಾಸ್ಟಿಕ್ಕಿನ, ಬಕಲ್‌ಗಳಿರುವ ಹಾರ್ಡ್‌ಬೂಟ್, ಎಲ್ಲವೂ ವಿದೇಶದಿಂದ ಲಾಟಿನಲ್ಲಿ ಬಂದವು. ‘ಒಂದ್ಸಲಾನೂ ಕಾಲಿಗೆ ಹಾಕಿಲ್ಲ ಸಾರ್, ಬಾಕ್ಸ್ ಪೀಸ್. ಹೊಸದು ತಗೊಂಡ್ರೆ ಇದರ ನಾಲ್ಕು ಪಟ್ಟು ಕೊಡ್ಬೇಕು’ ಎಂದರು. ಯಾವ ವರ್ಷದ್ದೆಂದು ಕೇಳಿದಾಗ ‘ಈಚಿನದೇ’ ಎಂಬ ಉತ್ತರ ಬಂತು. ಗೀಚಿಲ್ಲದ ತಳ, ಹೊಳೆಯುವ ಬಕಲ್, ಮಾಸದ ಬಣ್ಣ ಎಲ್ಲವೂ ಆ ಮಾತಿಗೆ ಸಾಕ್ಷಿಯಂತೆಯೇ ಇದ್ದವು. ಬೂಟು ಒಡೆದ ಬಳಿಕ ಒಳಗಿನ ಮೆತ್ತೆಯನ್ನು ಹೊರತೆಗೆದಾಗ ಪ್ಲಾಸ್ಟಿಕ್ಕಿನಲ್ಲಿ ಅಚ್ಚಾಗಿದ್ದ 2001ರ ಗುರುತು ಕಂಡಿತು. ಆ ಲಾಟು ಹಲವು ಮಳೆಗಾಲಗಳನ್ನು ತೀರ್ಥಹಳ್ಳಿ ಸೀಮೆಯ ಒಂದು ಗೋದಾಮಿನಲ್ಲಿ ಕಳೆದಿತ್ತೆಂಬುದೂ ನಮಗೆ ಆಮೇಲೆಯೇ ತಿಳಿಯಿತು. ಈ ಎರಡು ಸಂಗತಿಗಳನ್ನು ಮಾರುವವರು ಮೊದಲೇ ಹೇಳಿದ್ದರೆ ನಾವು ಅದನ್ನು ಮುಟ್ಟುತ್ತಿರಲಿಲ್ಲ.

ಔಲಿಯ ಇಳಿಜಾರುಗಳು ಸಮುದ್ರಮಟ್ಟದಿಂದ ಸುಮಾರು 2,500ರಿಂದ 3,000 ಮೀಟರ್ ಎತ್ತರದಲ್ಲಿವೆ. 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟದ ಹಿಮದ ಮೇಲಿನ ಸ್ಪರ್ಧೆಗಳು ನಡೆದದ್ದು ಇಲ್ಲಿಯೇ. ಯಂತ್ರದಿಂದ ಒತ್ತಿ ಸಮಮಾಡಿದ ಹಿಮ ಬೆಳಗಿನ ಹೊತ್ತು ಗಟ್ಟಿಯಾಗಿರುತ್ತದೆ, ಮತ್ತು ಕಾರ್ವಿಂಗ್‌ಗೆ ಬೇಕಾದದ್ದೂ ಅಂಥ ಹಿಮವೇ. ಅಕ್ಕನ ಮಗ ಹಿಮ್ಮಡಿ ಕಡೆಯ ಅಂಚಿನ ಮೇಲೆ ತಿರುವಿಗೆ ಒರಗುತ್ತಿದ್ದಂತೆ, ಹಿಂದಿನ ಕಾಲಿನ ಬೂಟಿನ ಹಿಮ್ಮಡಿಯ ಭಾಗ ಚೂರಾಗಿ ಸಿಡಿದು ಬೈಂಡಿಂಗ್‌ನಿಂದ ಕಳಚಿಕೊಂಡಿತು. ಅದು ಮೊದಲು ಬಿರುಕು ಬಿಟ್ಟು ಎಚ್ಚರಿಕೆ ಕೊಡಲಿಲ್ಲ, ಬಗ್ಗಲೂ ಇಲ್ಲ, ಒಮ್ಮೆಲೇ ಒಡೆಯಿತು. ‘ಏನಾಯ್ತು ಅಂತ್ಲೇ ಗೊತ್ತಾಗ್ಲಿಲ್ಲ ಮಾವ, ಕಾಲಡಿ ಏನೂ ಇಲ್ಲ ಅನ್ನಿಸ್ತು’ ಎಂದು ಅವನು ಆಮೇಲೆ ಹೇಳಿದ.

ಇದರ ಅಪಾಯ ಎಷ್ಟೆಂಬುದನ್ನು ತಿಳಿಯಲು ಒಂದು ವ್ಯತ್ಯಾಸವನ್ನು ಗಮನಿಸಬೇಕು. ಸ್ಕೀಯಿಂಗ್‌ನ ಬೈಂಡಿಂಗ್‌ಗಳು ಬಿದ್ದಾಗ ತಾವಾಗಿಯೇ ಬಿಟ್ಟುಕೊಳ್ಳುವಂತೆ ರಚನೆಯಾಗಿವೆ. ಸ್ನೋಬೋರ್ಡಿನಲ್ಲಿ ಎರಡೂ ಕಾಲುಗಳು ಒಂದೇ ಹಲಗೆಗೆ ಭದ್ರವಾಗಿರುವುದರಿಂದಲೇ ಮೊಣಕಾಲುಗಳು ಬೇರೆಬೇರೆಯಾಗಿ ತಿರುಚುವುದು ತಪ್ಪುತ್ತದೆ. ಸವಾರ ಬಿದ್ದರೂ ಅದರ ಬೈಂಡಿಂಗ್ ಬಿಟ್ಟುಕೊಳ್ಳುವುದಿಲ್ಲ. ಒಂದು ಕಾಲು ಮಾತ್ರ ಕಳಚಿದರೆ ಇಡೀ ಬೋರ್ಡು ಇನ್ನೊಂದು ಕಾಲಿಗೆ ಸನ್ನೆಗೋಲಾಗಿ ಮೊಣಕಾಲನ್ನು ತಿರುಚುತ್ತದೆ. ಅವನ ಮೊಣಕಾಲಿನ ಅಸ್ಥಿರಜ್ಜು ಹರಿಯದೆ, ಊರಿದ ಕೈಯ ಮೂಳೆ ಮಾತ್ರ ಮುರಿದದ್ದು ಅದೃಷ್ಟವೆಂದೇ ಅವನನ್ನು ನೋಡಿದ ವೈದ್ಯರು ಹೇಳಿದರು. ಜೋಷಿಮಠದಲ್ಲಿ ಪಟ್ಟಿ ಕಟ್ಟಿಸಿಕೊಂಡು ಊರಿಗೆ ಬಂದ ಮೇಲೆ ಪ್ಲೇಟ್ ಹಾಕಿಸಬೇಕಾಯಿತು.

ಒಮ್ಮೆಯೂ ಬಳಸದ ಬೂಟು ಏಕೆ ಒಡೆಯುತ್ತದೆ? ಹಾರ್ಡ್‌ಬೂಟಿನ ಹೊರಚಿಪ್ಪು ಹೆಚ್ಚಾಗಿ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕಿನದು. ಗಾಳಿಯಲ್ಲಿರುವ ನೀರಿನ ಅಂಶ ಈ ಪ್ಲಾಸ್ಟಿಕ್ಕಿನ ಉದ್ದುದ್ದ ಅಣುಸರಪಳಿಗಳನ್ನು ವರ್ಷಗಟ್ಟಲೆ ನಿಧಾನವಾಗಿ ತುಂಡರಿಸುತ್ತ ಹೋಗುತ್ತದೆ. ಬಳಸಿದರೂ ಬಳಸದಿದ್ದರೂ ಈ ಕ್ರಿಯೆ ನಿಲ್ಲುವುದಿಲ್ಲ. ಸೆಕೆ ಮತ್ತು ತೇವ ಎರಡೂ ಸೇರಿದರೆ ಅದು ಚುರುಕಾಗುತ್ತದೆ. ಮಲೆನಾಡಿನವರಿಗೆ ಇದು ಹೊಸ ವಿಷಯವಾಗಬೇಕಿಲ್ಲ. ಕಪಾಟಿನಲ್ಲಿ ಜೋಪಾನವಾಗಿಟ್ಟ ಸ್ಪೋರ್ಟ್ಸ್ ಶೂವನ್ನು ಎರಡು ಮೂರು ಮಳೆಗಾಲದ ನಂತರ ತೆಗೆದು ಹಾಕಿಕೊಂಡರೆ ಅಟ್ಟೆ ಹಿಟ್ಟುಹಿಟ್ಟಾಗಿ ಉದುರುವುದನ್ನು ನಮ್ಮಲ್ಲಿ ಬಹಳ ಮಂದಿ ಕಂಡಿದ್ದಾರೆ. ಅಲ್ಲಿ ನಡೆಯುವುದೂ ಇದೇ ರಾಸಾಯನಿಕ ಕ್ರಿಯೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗಿಂತ ಹೆಚ್ಚು ಮಳೆಯಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಸುತ್ತಿನ ಮನೆಗಳಲ್ಲಿ ಚರ್ಮದ ಬೆಲ್ಟಿಗೂ ಪುಸ್ತಕದ ರಟ್ಟಿಗೂ ಬೂಷ್ಟು ಹಿಡಿಯುತ್ತದೆ. ಅಂಥ ಕಡೆ ಗಾಳಿಯಾಡದ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಕುಳಿತ ಬೂಟು ಹೊರಗೆ ಎಷ್ಟೇ ಹೊಳೆಯುತ್ತಿದ್ದರೂ ಒಳಗೆ ಕಸುವು ಕಳೆದುಕೊಂಡಿರುತ್ತದೆ. ಅದರ ಮೇಲೆ ಹಿಮದ ಚಳಿ ಬಿದ್ದಾಗ ಪ್ಲಾಸ್ಟಿಕ್ ಇನ್ನಷ್ಟು ಪೆಡಸಾಗುತ್ತದೆ. ಶಿವಮೊಗ್ಗದ ಅಂಗಡಿಯಲ್ಲಿ ಬಗ್ಗಿಸಿ ನೋಡಿದಾಗ ಸರಿಯಿದ್ದ ಬೂಟು ಔಲಿಯಲ್ಲಿ ಮುಂಜಾನೆ ಒಡೆಯುವುದಕ್ಕೆ ಇಷ್ಟು ಸಾಕು.

ಹೀಗಾಗಿ ಹಾರ್ಡ್‌ಬೂಟ್ ಕೊಳ್ಳುವಾಗ ಮೊದಲು ಕೇಳಬೇಕಾದದ್ದು ಎಷ್ಟು ಬಳಸಲಾಗಿದೆ ಎಂದಲ್ಲ, ಎಂದು ತಯಾರಾಯಿತು ಎಂದು. ಅಚ್ಚಿನಲ್ಲಿ ಎರಕವಾಗುವ ಅನೇಕ ಪ್ಲಾಸ್ಟಿಕ್ ಭಾಗಗಳಲ್ಲಿ ಗಡಿಯಾರದ ಮುಖದಂಥ ಸಣ್ಣ ವೃತ್ತವಿರುತ್ತದೆ. ಸುತ್ತ ತಿಂಗಳ ಅಂಕಿಗಳು, ನಡುವೆ ವರ್ಷ, ಒಂದು ಬಾಣದ ಗುರುತು. ಒಳಬೂಟನ್ನು ಹೊರತೆಗೆದು, ಟಾರ್ಚ್ ಹಿಡಿದು ಚಿಪ್ಪಿನ ಒಳಗೂ ತಳದಲ್ಲೂ ಹುಡುಕಬೇಕು. ತೆಗೆದು ನೋಡಲು ಮಾರುವವರು ಒಪ್ಪದಿದ್ದರೆ ಅಲ್ಲಿಂದ ಎದ್ದು ಬರುವುದು ಒಳ್ಳೆಯದು. ಬಕಲ್‌ನ ರಿವೆಟ್ ಸುತ್ತ ಕೂದಲೆಳೆಯಂಥ ಬಿಳಿ ಗೆರೆಗಳು, ಮುಟ್ಟಿದರೆ ಅಂಟಂಟೆನಿಸುವ ಮೈ, ತಳದಿಂದ ಉದುರುವ ಪುಡಿ ಇವೆಲ್ಲ ಕೆಟ್ಟ ಲಕ್ಷಣಗಳು. ಆದರೆ ಇವು ಯಾವುವೂ ಕಾಣದಿದ್ದ ಮಾತ್ರಕ್ಕೆ ಬೂಟು ಸುರಕ್ಷಿತವೆಂದು ತೀರ್ಮಾನಿಸಬಾರದು, ಏಕೆಂದರೆ ನಮ್ಮ ಬೂಟಿನಲ್ಲಿ ಇವು ಯಾವುವೂ ಇರಲಿಲ್ಲ. ಹತ್ತು ವರ್ಷ ದಾಟಿದ, ಎಲ್ಲಿ ಇಟ್ಟಿದ್ದರೆಂದು ಗೊತ್ತಿಲ್ಲದ ಹಾರ್ಡ್‌ಬೂಟನ್ನು ಪುಕ್ಕಟೆ ಕೊಟ್ಟರೂ ಹಾಕಿಕೊಳ್ಳಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಬೋರ್ಡಿನ ವಿಷಯದಲ್ಲಿಯೂ ನಮಗೆ ಸರಿಯಾದ ಮಾಹಿತಿ ಕೊಡಲಿಲ್ಲ. ಆ ರೇಸಿಂಗ್ ಬೋರ್ಡಿನ ಸೊಂಟದ, ಅಂದರೆ ನಡುವಿನ ಅತಿ ಕಿರಿದಾದ ಭಾಗದ, ಅಗಲ 19 ಸೆಂಟಿಮೀಟರ್. ಹಾರ್ಡ್‌ಬೂಟ್ ಬೇಡವೆನಿಸಿದರೆ ಮೆತ್ತನೆಯ ಬೂಟಿನ ಬೈಂಡಿಂಗನ್ನು ಇದೇ ಬೋರ್ಡಿಗೆ ಕೂರಿಸಿಕೊಳ್ಳಬಹುದೆಂದು ಮಾರುವವರು ಹೇಳಿದ್ದರು. ರಂಧ್ರಗಳು ಹೊಂದಬಹುದು, ಆರು ಮಿಲಿಮೀಟರಿನ ತಿರುಪೂ ಕೂರಬಹುದು, ಆದರೆ ಕಾರ್ವಿಂಗ್ ಆಗುವುದಿಲ್ಲ. ಹಾರ್ಡ್‌ಬೂಟಿನಲ್ಲಿ ಪಾದಗಳನ್ನು 50ರಿಂದ 65 ಡಿಗ್ರಿಯಷ್ಟು ಮುಂದಕ್ಕೆ ತಿರುಗಿಸಿ ನಿಲ್ಲಿಸುವುದರಿಂದ ಅವು ಕಿರಿದಾದ ಹಲಗೆಯ ಅಗಲದೊಳಗೆ ಅಡಗುತ್ತವೆ. ಮೆತ್ತನೆಯ ಬೂಟಿನಲ್ಲಿ ಪಾದ ಹೆಚ್ಚುಕಡಿಮೆ ಅಡ್ಡಡ್ಡ ನಿಲ್ಲುತ್ತದೆ. ಮೂವತ್ತು ಸೆಂಟಿಮೀಟರ್ ಉದ್ದದ ಬೂಟು 15 ಡಿಗ್ರಿಯಲ್ಲಿ ನಿಂತರೆ ಅಡ್ಡಕ್ಕೆ ಸುಮಾರು 29 ಸೆಂಟಿಮೀಟರ್ ಜಾಗ ಬೇಡುತ್ತದೆ, ಅಂದರೆ ಆ ಬೋರ್ಡಿನ ಎರಡೂ ಬದಿಗೆ ಐದೈದು ಸೆಂಟಿಮೀಟರ್ ಹೊರಚಾಚುತ್ತದೆ. ಬೋರ್ಡು ಓರೆಯಾದಂತೆ ಹೊರಚಾಚಿದ ಬೆರಳ ತುದಿಯೋ ಹಿಮ್ಮಡಿಯೋ ಹಿಮಕ್ಕೆ ತಾಗಿ, ಅಂಚನ್ನೇ ಹಿಮದಿಂದ ಮೇಲೆತ್ತುತ್ತದೆ. ಆಗ ಹಿಡಿತ ಪೂರ್ತಿ ತಪ್ಪುತ್ತದೆ. ಮೆತ್ತನೆಯ ಬೂಟಿಗೆ ಸಾಮಾನ್ಯವಾಗಿ 25 ಸೆಂಟಿಮೀಟರಿನ ಆಸುಪಾಸು, ದೊಡ್ಡ ಪಾದದವರಿಗೆ 26ಕ್ಕೂ ಮೇಲೆ ಸೊಂಟದ ಅಗಲ ಬೇಕು. ನಿಮ್ಮ ಬೂಟನ್ನು ಬೈಂಡಿಂಗ್‌ಗೆ ಸಿಕ್ಕಿಸಿ, ಬೋರ್ಡನ್ನು ನೆಲದ ಮೇಲೆ ಓರೆ ಮಾಡಿ, ಬೂಟು ಯಾವ ಕೋನದಲ್ಲಿ ನೆಲ ಮುಟ್ಟುತ್ತದೆಂದು ಅಂಗಡಿಯಲ್ಲೇ ನೋಡಿಕೊಳ್ಳಿ.

ಬದಿಯ ಬಾಗಿನ ತ್ರಿಜ್ಯವನ್ನೂ ಕೇಳಬೇಕು. ಸಾಮಾನ್ಯ ಬೋರ್ಡುಗಳಲ್ಲಿ ಅದು ಏಳರಿಂದ ಒಂಬತ್ತು ಮೀಟರ್ ಇರುತ್ತದೆ. ನಮಗೆ ಕೊಟ್ಟದ್ದರಲ್ಲಿ 14 ಮೀಟರ್ ಇತ್ತು. ಬೋರ್ಡನ್ನು ಹೆಚ್ಚು ಓರೆ ಮಾಡಿದಷ್ಟೂ ತಿರುವು ಚಿಕ್ಕದಾಗುತ್ತದೆ. ಸರಳ ಲೆಕ್ಕದಲ್ಲಿ 60 ಡಿಗ್ರಿ ಓರೆ ಮಾಡಿದರೆ ತ್ರಿಜ್ಯ ಅರ್ಧಕ್ಕಿಳಿಯುತ್ತದೆ. ಆದರೆ ಅಷ್ಟು ಓರೆಯಾಗಿ ಬೀಳದೆ ನಿಲ್ಲಲು ದೊಡ್ಡ ವೇಗವೂ ಅನುಭವವೂ ಬೇಕು. ಕಾರ್ವಿಂಗ್ ಈಗಷ್ಟೇ ಆರಂಭಿಸುವವನು ಅಂಥ ಬೋರ್ಡಿನಲ್ಲಿ ಅಗಲವಾದ, ವೇಗದ ತಿರುವುಗಳನ್ನು ಮಾತ್ರ ತೆಗೆಯಬಲ್ಲ. ಜನರಿಂದ ತುಂಬಿರುವ ಇಳಿಜಾರಿನಲ್ಲಿ ಅದಕ್ಕೆ ಸ್ಥಳವಿಲ್ಲ. ಇಂಥ ಬೋರ್ಡುಗಳ ಜಾಗ, ಇಬ್ಬರು ಅಕ್ಕಪಕ್ಕದ ದಾರಿಗಳಲ್ಲಿ ಪೈಪೋಟಿಯಿಂದ ಇಳಿಯುವ ಒಲಿಂಪಿಕ್ಸ್‌ನ ಪ್ಯಾರಲಲ್ ಜೈಂಟ್ ಸ್ಲಾಲಮ್‌ನಂಥ ಸ್ಪರ್ಧೆಗಳು. 2018ರಲ್ಲಿ ದಕ್ಷಿಣ ಕೊರಿಯಾದ ಪ್ಯೊಂಗ್‌ಚಾಂಗ್‌ನಲ್ಲಿ ಆ ಸ್ಪರ್ಧೆಯ ಚಿನ್ನದ ಜೊತೆಗೆ ಸ್ಕೀಯಿಂಗ್‌ನ ಚಿನ್ನವನ್ನೂ ಗೆದ್ದ ಜೆಕ್ ದೇಶದ ಎಸ್ಟರ್ ಲೆಡೆಟ್ಸ್ಕಾ ಅವರಂಥವರ ಕೈಯಲ್ಲಿ ಅವು ಅದ್ಭುತ, ಕಲಿಯುವವನ ಕಾಲಿಗಲ್ಲ.

ಕಾರ್ವಿಂಗ್‌ಗೆ ಹಾರ್ಡ್‌ಬೂಟೇ ಬೇಕೆಂಬುದು ಸರಿಯಲ್ಲ. ಸ್ವಲ್ಪ ಬಿಗಿಯಾದ ಮೆತ್ತನೆಯ ಬೂಟು, ನಡುಭಾಗ ನೆಲದಿಂದ ಮೇಲೆದ್ದಿರುವ ಕ್ಯಾಂಬರ್ ಬೋರ್ಡು, ಎರಡೂ ಪಾದಗಳು ಮುಂದಕ್ಕೆ ನೋಡುವಂತೆ, ಉದಾಹರಣೆಗೆ ಮುಂದಿನದು 30, ಹಿಂದಿನದು 15 ಡಿಗ್ರಿಯಲ್ಲಿ ಕೂರಿಸಿದ ಬೈಂಡಿಂಗ್, ಇಷ್ಟಿದ್ದರೆ ಜಪಾನ್ ಮತ್ತು ಕೊರಿಯಾದ ಸವಾರರು ಮಾಡುವಂತೆ ಬಹಳ ಆಳವಾದ ತಿರುವುಗಳನ್ನೇ ತೆಗೆಯಬಹುದು. ಬೂಟಿನ ಅಳತೆ ಸೆಂಟಿಮೀಟರಿನಲ್ಲಿ ಪಾದದ ಉದ್ದವೇ ಆಗಿರುತ್ತದೆ; ದಪ್ಪ ಕಾಲುಚೀಲಕ್ಕೆಂದು ಒಂದು ಅಳತೆ ಹೆಚ್ಚಿಗೆ ಕೊಳ್ಳಬೇಡಿ. ಮೊಣಕಾಲು ಬಗ್ಗಿಸಿದಾಗ ಹಿಮ್ಮಡಿ ಮೇಲೆದ್ದರೆ ಆ ಬೂಟು ಕಾರ್ವಿಂಗ್‌ಗೆ ಪ್ರಯೋಜನವಿಲ್ಲ.

ಸೆಕೆಂಡ್‌ಹ್ಯಾಂಡ್ ಬೋರ್ಡು ಕೊಳ್ಳಲೇಬಾರದೆಂದು ನಾನು ಹೇಳುವುದಿಲ್ಲ. ಅಂಚಿನ ಮೇಲ್ಪದರದ ತುಕ್ಕನ್ನು ಉಜ್ಜಿ ತೆಗೆಯಬಹುದು. ಆದರೆ ಅಂಚಿನ ಪಕ್ಕದಲ್ಲಿ ಹಲಗೆ ಉಬ್ಬಿದ್ದರೆ, ನಾಣ್ಯದಿಂದ ಬಡಿದಾಗ ಒಂದು ಕಡೆ ಸದ್ದು ಟೊಳ್ಳಾಗಿ ಕೇಳಿದರೆ, ಬೈಂಡಿಂಗ್ ತಿರುಪು ಕೂರುವ ಉಕ್ಕಿನ ರಂಧ್ರಗಳು ತುಕ್ಕು ತಿಂದಿದ್ದರೆ ಆ ಬೋರ್ಡು ಬೇಡ. ಕ್ಯಾಂಬರ್ ಬೋರ್ಡನ್ನು ಸಮನೆಲದ ಮೇಲಿಟ್ಟಾಗ ನಡುವೆ ಸಂದು ಕಾಣದಿದ್ದರೆ ಅದು ಸತ್ವ ಕಳೆದುಕೊಂಡಿದೆ. ನಮ್ಮೂರಿಗೆ ತಂದ ಮೇಲೆ ಒರೆಸಿ, ಅಂಚಿಗೆ ಮೇಣ ಬಳಿದು, ಮಳೆಗಾಲದಲ್ಲಿ ಗಾಳಿಯಾಡುವ ಒಣ ಜಾಗದಲ್ಲಿ ಇಡಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಡಬಾರದು.

ಬಿಲ್ ಇಲ್ಲದೆ ಕೊಳ್ಳಬೇಡಿ, ಮತ್ತು ಬಿಲ್ಲಿನಲ್ಲಿ ತಯಾರಾದ ವರ್ಷವನ್ನು ಬರೆಸಿಕೊಳ್ಳಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೋಷವಿರುವ ಸರಕಿನಿಂದ ಆದ ಗಾಯಕ್ಕೆ ಪರಿಹಾರ ಕೇಳುವ ಅವಕಾಶವಿದೆ. ದೂರನ್ನು ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಕೊಡಬೇಕು. ಸರಕಿಗೆ ಕೊಟ್ಟ ಬೆಲೆ ಐದು ಲಕ್ಷ ರೂಪಾಯಿ ದಾಟದಿದ್ದರೆ ಶುಲ್ಕವಿಲ್ಲ. ಮೊದಲ ಸಲಹೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ಕರೆ ಮಾಡಬಹುದು. ಬಿಲ್ಲು, ಒಡೆದ ಚೂರುಗಳು ಮತ್ತು ವೈದ್ಯರ ಕಾಗದಗಳೊಂದಿಗೆ ನಾವೂ ದೂರು ಸಿದ್ಧಪಡಿಸುತ್ತಿದ್ದೇವೆ.

ಅದೇ ಲಾಟಿನ ಇನ್ನೂ ಕೆಲವು ಜೊತೆ ಬೂಟುಗಳು ಈಗಾಗಲೇ ಮಾರಾಟವಾಗಿವೆ. ಶಿವಮೊಗ್ಗದ ಸುತ್ತಮುತ್ತ ಈಚೆಗೆ ಬಕಲ್‌ಗಳ ಗಟ್ಟಿ ಪ್ಲಾಸ್ಟಿಕ್ ಬೂಟು ಕೊಂಡವರು ಇಂದೇ ಒಳಬೂಟು ತೆಗೆದು ವರ್ಷದ ಗುರುತು ನೋಡಬೇಕು. ಹಳೆಯದಾಗಿದ್ದರೆ ಫೋಟೋ ತೆಗೆದು, ಬಿಲ್ಲಿನೊಂದಿಗೆ ಮಾರಿದವರಿಗೆ ಬರಹದಲ್ಲಿ ತಿಳಿಸಿ ಹಣ ವಾಪಸು ಕೇಳಿ. ಅವರು ಒಪ್ಪದಿದ್ದರೂ ನಷ್ಟ ತುಂಬಿಕೊಳ್ಳಲೆಂದು ಅದನ್ನು ಇನ್ನೊಬ್ಬರಿಗೆ ಮಾರಬೇಡಿ, ಸ್ನೇಹಿತರಿಗೆ ಎರವಲೂ ಕೊಡಬೇಡಿ; ದೂರು ಮುಗಿಯುವವರೆಗೆ ಸಾಕ್ಷಿಯಾಗಿ ಇಟ್ಟುಕೊಂಡು, ಆಮೇಲೆ ಯಾರೂ ಹಾಕಿಕೊಳ್ಳಲಾಗದಂತೆ ಗರಗಸದಿಂದ ಕೊಯ್ದು ಎಸೆಯಿರಿ.