ಝಾರಿ ಚೆನ್ನಾಗಿದೆ, ಬೀಜ ಮಾತ್ರ ಬೇಡ

ಜೂನ್‌ನಲ್ಲಿ ಶಾಲೆ ಶುರುವಾದ ಎರಡನೇ ವಾರ ಆನ್‌ಲೈನ್‌ನಲ್ಲಿ ಒಂದು ಮಕ್ಕಳ ಕೈತೋಟದ ಕಿಟ್ ತರಿಸಿದೆ. 1,299 ರೂಪಾಯಿ, ನನ್ನ ಕೈಯಿಂದಲೇ. ಶಿರಸಿಯಿಂದ ಕುಮಟಾ ಕಡೆ ಹೋಗುವಾಗ ರಸ್ತೆಯಿಂದ ಒಳಗೆ ಇರುವ ಒಂದು ಊರಲ್ಲಿ ನಾನು ನಲಿಕಲಿ ಅಕ್ಕೋರು. ಒಂದರಿಂದ ಮೂರನೇ ತರಗತಿವರೆಗೆ ಒಟ್ಟಿಗೇ ಕೂರುವ 14 ಮಕ್ಕಳು. ಡಬ್ಬಿ ಬಿಚ್ಚಿದ ದಿನವೇ ರಿವ್ಯೂ ಬರೆದಿದ್ದರೆ ಐದು ಸ್ಟಾರ್ ಕೊಟ್ಟುಬಿಡುತ್ತಿದ್ದೆ. ಈಗ ದಸರಾ ರಜೆ, ಸ್ವಲ್ಪ ಬುದ್ಧಿ ಬಂದಿದೆ.

ಮೊದಲು ಒಳ್ಳೆಯದು ಹೇಳ್ತೇನೆ. ಪುಟ್ಟ ಗುದ್ದಲಿ, ಪುಟ್ಟ ಸನಿಕೆ ಎರಡೂ ಗಟ್ಟಿ. ಮರದ ಹಿಡಿ ಆರು ವರ್ಷದ ಮಗುವಿನ ಮುಷ್ಟಿಗೆ ಸರಿಯಾಗಿ ಕೂರುತ್ತದೆ. ನಮ್ಮದು ಕೆಂಪು ಜಂಬಿಟ್ಟಿಗೆ ಮಣ್ಣು, ಅದರಲ್ಲೂ ಬಾಗಲಿಲ್ಲ. ಝಾರಿಯಂತೂ ಬಂಗಾರ. ತೂತು ಎಷ್ಟು ಸಣ್ಣ ಅಂದ್ರೆ ಮಗು ಎಷ್ಟೇ ಉತ್ಸಾಹದಲ್ಲಿ ಸುರಿದರೂ ಬೀಜ ಕೊಚ್ಚಿಹೋಗುವುದಿಲ್ಲ.

ಕೊಕೊಪೀಟ್ ಇಟ್ಟಿಗೆ ನೋಡಿ ನಗು ಬಂತು. ಮನೆಮನೆಯ ಅಂಗಳದಲ್ಲಿ ತೆಂಗಿನ ಸಿಪ್ಪೆ ಬಿದ್ದಿರುವ ಊರಿಗೆ ಅದರದ್ದೇ ಪುಡಿ ಕೊರಿಯರ್‌ನಲ್ಲಿ ಬಂದಿದೆ! ನೀರು ಹಾಕಿದಾಗ ಅದು ಉಬ್ಬುವುದನ್ನು ಮಕ್ಕಳು ಬಾಯಿಬಿಟ್ಟುಕೊಂಡು ನೋಡಿದರು, ಸುಳ್ಳು ಹೇಳಬಾರದು. ಆದರೆ ಅದರಲ್ಲಿ ಗಿಡಕ್ಕೆ ಬೇಕಾದ ಸತ್ವ ಇಲ್ಲವೇ ಇಲ್ಲ ಅನ್ನಬಹುದು. ಕೊಟ್ಟಿಗೆ ಗೊಬ್ಬರ ನಾವೇ ಬೆರೆಸಿಕೊಂಡೆವು.

ಇನ್ನು ಬೀಜ. ಬ್ರೊಕೊಲಿ, ಲೆಟ್ಯೂಸ್, ಕ್ಯಾರೆಟ್, ಚೆರಿ ಟೊಮೆಟೊ, ಬೆಂಡೆ. ಜೂನ್ ತಿಂಗಳ ಶಿರಸಿ ಮಳೆಯಲ್ಲಿ ಬ್ರೊಕೊಲಿ! ಯಾರದ್ದೋ ಟೆರೇಸ್ ಫೋಟೊ ನೋಡಿ ಆರಿಸಿದ್ದಾರೆ ಅಷ್ಟೇ. ಕ್ಯಾರೆಟ್ ಮೊಳೆಯಲು ಎರಡು ವಾರವೂ ಬೇಕಾಗಬಹುದು. ದೊಡ್ಡವರಿಗೆ ಎರಡು ವಾರ ಏನೂ ಅಲ್ಲ, ಒಂದನೇ ತರಗತಿಯವರಿಗೆ ಅದು ಒಂದು ಯುಗ. ಒಬ್ಬ ಹುಡುಗ ದಿನಾ ಬೆಳಿಗ್ಗೆ ಚೀಲ ಇಳಿಸುವ ಮೊದಲೇ ಜಗಲಿಯ ಕುಂಡಕ್ಕೆ ಬೆರಳು ಹಾಕಿ ಬೀಜ ಹುಡುಕುತ್ತಿದ್ದ. "ಅಕ್ಕೋರೇ, ಮಲಗೇ ಇದೆ" ಅಂತ ವರದಿ ಬೇರೆ. ಐದನೇ ದಿನಕ್ಕೆ ಅದೂ ಕೈಗೆ ಸಿಗಲಿಲ್ಲ. ಅವನನ್ನು ಬೈದು ಏನು ಉಪಯೋಗ, ಅಲ್ವಾ?

ಬೆಂಡೆಯಲ್ಲಿ 20 ಬೀಜ ಇದ್ದವು, ಮೊಳೆತದ್ದು 6. ನಮ್ಮಲ್ಲಿ ಮಾರುವ ಬೆಂಡೆ ಬೀಜ ನೂರಕ್ಕೆ ಕನಿಷ್ಠ 65 ಮೊಳೆಯಬೇಕು ಅನ್ನುವ ಅಳತೆ ಇದೆ. ಮಳೆಗೆ ಕೊಳೆತಿರಬಹುದು ಅಂದುಕೊಂಡು ಅದನ್ನೂ ಬಿಡೋಣ. ನನಗೆ ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ. ಆ ಬೀಜಕ್ಕೆ ಗುಲಾಬಿ ಬಣ್ಣ ಇತ್ತು. ಅದು ಚೆಂದಕ್ಕೆ ಹಚ್ಚಿದ್ದಲ್ಲ, ಬೂಷ್ಟು ಹಿಡಿಯದಂತೆ ಔಷಧಿ ಲೇಪಿಸಿದ ಗುರುತು. ಥೈರಾಮ್ ಅಂತ ಪ್ಯಾಕೆಟ್ ಹಿಂದೆ ಇರುವೆ ಅಕ್ಷರದಲ್ಲಿ, ಅದೂ ಇಂಗ್ಲಿಷ್‌ನಲ್ಲಿ ಬರೆದಿತ್ತು. ರೈತ ಬಿತ್ತುವ ಬೀಜಕ್ಕೆ ಹಚ್ಚಲಿ, ತಕರಾರಿಲ್ಲ. ಆರು ವರ್ಷದ ಮಗುವಿಗೆ ಅಂತ ಮಾರುವ ಡಬ್ಬಿಯಲ್ಲಿ ಪೆಪ್ಪರ್‌ಮಿಂಟ್ ಥರ ಕಾಣುವ ವಿಷ ಯಾಕೆ? ಒಬ್ಬಳು ಮೂಸಿ ನೋಡುತ್ತಿದ್ದಳು. ತಕ್ಷಣ ಕಿತ್ತುಕೊಂಡು ಎಲ್ಲರ ಕೈ ಸೋಪು ಹಾಕಿ ತೊಳೆಸಿದೆ. ಕಂಪನಿಗೆ ಬರೆದರೆ, ಬೀಜ ವಾಪಸ್ ತಗೊಳ್ಳುವುದಿಲ್ಲ ಅಂತ ಒಂದು ಸಾಲಿನ ಉತ್ತರ. ನಾನು ಕೇಳಿದ್ದು ಅದಲ್ಲ ಮಾರಾಯ್ರೆ.

ಜುಲೈ ಕೊನೆಗೆ ಒಬ್ಬಳ ಅಜ್ಜಿ ಬೂದಿ ಹಚ್ಚಿಟ್ಟ ಅಲಸಂದೆ ಬೀಜವನ್ನು ಪೊಟ್ಟಣ ಕಟ್ಟಿ ಕಳಿಸಿದರು. ಸೋಮವಾರ ಹಾಕಿದ್ದು, ಗುರುವಾರ ಮಣ್ಣು ಬಿರುಕು ಬಿಟ್ಟಿತ್ತು. ಬೆನ್ನು ಬಗ್ಗಿಸಿಕೊಂಡೇ ಮೇಲೆ ಬಂದು, ಮಧ್ಯಾಹ್ನ ಊಟದ ಹೊತ್ತಿಗೆ ಕತ್ತು ಎತ್ತಿತ್ತು. ತಲೆ ಮೇಲೆ ಬೀಜದ ಸಿಪ್ಪೆ ಟೊಪ್ಪಿ ಥರ. ಅವತ್ತು ಯಾರೂ ನಲಿಕಲಿ ಕಾರ್ಡ್ ಮುಟ್ಟಲಿಲ್ಲ. ಆಮೇಲೆ ಅಡಿಕೆ ದಬ್ಬೆ ಸಿಗಿದು ಪಕ್ಕಕ್ಕೆ ನೆಟ್ಟೆವು. ದಿನಾ ಬಳ್ಳಿ ಎಲ್ಲಿಗೆ ಬಂತು ಅಂತ ದಬ್ಬೆಗೆ ಗೀಟು ಹಾಕುವುದು, ನಿನ್ನೆಗಿಂತ ಎಷ್ಟು ಬೆರಳು ಜಾಸ್ತಿ ಅಂತ ಎಣಿಸುವುದು. ಕಳೆಯುವ ಲೆಕ್ಕ ಕಲಿಯದವರೂ ಅಲ್ಲೇ ಕಲಿತರು. ಕಿಟ್ ಜೊತೆ ಬಂದ ಇಂಗ್ಲಿಷ್ ಚಟುವಟಿಕೆ ಪುಸ್ತಕ ಮಾತ್ರ ಇನ್ನೂ ಹೊಸದಾಗೇ ಇದೆ.

ಸೆಪ್ಟೆಂಬರ್ ಕೊನೆಗೆ ಕಾಯಿ ಬಿಟ್ಟಿತು. ಅರ್ಧ ಮಂಗಗಳ ಪಾಲು, ಉಳಿದದ್ದು ಒಂದು ದಿನದ ಬಿಸಿಯೂಟದ ಸಾಂಬಾರಿಗೆ. ಮನೆಯಲ್ಲಿ ಅಲಸಂದೆ ಆರಿಸಿ ತಟ್ಟೆ ಬದಿಗಿಡುವವರು ಅವತ್ತು ತಂತಮ್ಮ ತುಂಡು ಹುಡುಕಿ ಹುಡುಕಿ ತಿಂದರು.

ಸಲಕರಣೆಗೆ ನಾಲ್ಕು ಸ್ಟಾರ್, ಬೀಜಕ್ಕೆ ಒಂದು, ಅದೂ ಸೊನ್ನೆ ಕೊಡಲು ಆಗುವುದಿಲ್ಲ ಅಂತ. ಗುದ್ದಲಿ, ಸನಿಕೆ, ಝಾರಿ ಮಾತ್ರ ಬೇರೆಯಾಗಿ ಮಾರುವುದಾದರೆ ಇನ್ನೂ ಎರಡು ಸೆಟ್ ತಗೊಳ್ತೇನೆ. ಝಾರಿಗಾಗಿ ದಿನಾ ಜಗಳ, ಇರುವುದು ಒಂದೇ.